ಬಿಟ್ಟರೆ ನಿಲ್ಲುವ ಗಾಡಿ

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ಹೊರಗಿನವರು ಹೇಳಿದರೆ ನಮ್ಮೂರಿನವರು ನಗುವುದಿಲ್ಲ. ನಮ್ಮಲ್ಲಿ ನೆಲ ಡೊಂಕೇ. ಸೂರ್ಯ ಹುಟ್ಟಿದ ಮೇಲೆ ಊರು ಮೂಡಣಕ್ಕೆ ವಾಲುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಸಮವಾಗಿ ನಿಲ್ಲುತ್ತದೆ, ಊಟವಾದ ಮೇಲೆ ಪಡುವಣಕ್ಕೆ ವಾಲುತ್ತದೆ, ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಮತ್ತೆ ಸಮ. ಅದಕ್ಕೇ ನಮ್ಮ ಹಿರಿಯರು ಮನೆಗಳನ್ನು ಪಡುವಣಕ್ಕೂ ಪೇಟೆಯನ್ನು ಮೂಡಣಕ್ಕೂ ಕಟ್ಟಿದರು. ಬೆಳಿಗ್ಗೆ ಇಳಿಯುತ್ತಾ ಪೇಟೆಗೆ ಹೋಗುತ್ತೇವೆ, ಸಂಜೆ ಇಳಿಯುತ್ತಾ ಮನೆಗೆ ಬರುತ್ತೇವೆ. ಯಾರಾದರೂ ಏರು ಹತ್ತಿಕೊಂಡು ಎದುರಿಗೆ ಬಂದರೆ "ಯಾರಿಗೆ ಏನಾತ್ರಿ?" ಎಂದು ಕೇಳುತ್ತೇವೆ. ಕೆಟ್ಟ ಸುದ್ದಿಯೊಂದೇ ನಮ್ಮಲ್ಲಿ ಏರು ಹತ್ತುವುದು. ಅಕ್ಕಿ ತೂಗುವುದು, ಸೂಜಿ ಚುಚ್ಚುವುದು, ತಾಳಿ ಕಟ್ಟುವುದು ಇವನ್ನೆಲ್ಲ ಮಧ್ಯಾಹ್ನ ಸಮದ ಹೊತ್ತಿನಲ್ಲೇ ಮುಗಿಸಬೇಕು. ಹೀಗಾಗಿ ಮದುವೆಯ ದಿನ ಜ್ವರ ಬಂದವರಿಗೆ ಡಾಕ್ಟರು ಸಿಗುವುದಿಲ್ಲ.

ಇಂಥ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಧರ್ಮ ಯಾವುದೆಂದರೆ ಗಾಲಿಗೆ ಕಲ್ಲು ಕೊಡುವುದು. ನಿಂತ ಗಾಲಿ ಕಂಡಿತೋ, ಅದು ಯಾರದೇ ಇರಲಿ, ಬಗ್ಗಿ ಅದರ ಅಡಿಗೆ ಒಂದು ಕಲ್ಲು ಇಟ್ಟೇ ಮುಂದೆ ಹೋಗಬೇಕು. ಅ ಆ ಕಲಿಸುವ ಮೊದಲು ಮಕ್ಕಳಿಗೆ ಇದನ್ನು ಕಲಿಸುತ್ತೇವೆ. ಹೆಂಗಸರ ಸಂಚಿಯಲ್ಲಿ ಎಲೆ ಅಡಿಕೆ ಇರದಿದ್ದರೂ ಒಂದು ಕಲ್ಲು ಇರುತ್ತದೆ. ನಮ್ಮಪ್ಪ ತನ್ನ ಬದ್ಧವೈರಿಯ ಚಕ್ಕಡಿಗೂ ಕಲ್ಲು ಕೊಟ್ಟು, ಕೈ ಒರೆಸಿಕೊಂಡು, ಆಮೇಲೆ ಅವನನ್ನು ಬೈಯುತ್ತಿದ್ದ. ಯೋಚನೆ ಮಾಡಿ ಮಾಡುವ ಕೆಲಸ ಇದಲ್ಲ, ಸೀನಿದಾಗ ಕಣ್ಣು ಮುಚ್ಚಿದ ಹಾಗೆ.

ನಾನು ಮುರಿಗೆಪ್ಪ. ಪುರಸಭೆಯ ನೀರಿನ ಪಂಪ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದೆ, ಈಗ ರಿಟೈರ್ಡ್. ನನ್ನ ಹೆಂಡತಿ ಹೊನ್ನವ್ವ. ಕೆಲವು ವರ್ಷಗಳ ಹಿಂದೆ ಯಾರೋ ಕಲ್ಲು ಕೊಡಲು ಮರೆತ ಬೆಲ್ಲದ ಚಕ್ಕಡಿಯೊಂದು ಇಳಿಜಾರಿನಲ್ಲಿ ಬಂದು ಅವಳ ಮೇಲೆ ಹಾಯಿತು. ಜೀವ ಉಳಿಯಿತು, ಕಾಲು ಹೋದವು. ಊರು ಅವಳಿಗೆ ಒಂದು ಗಾಲಿಕುರ್ಚಿ ತರಿಸಿಕೊಟ್ಟಿತು. ವಾಲುವ ಊರಿನಲ್ಲಿ ಗಾಲಿಕುರ್ಚಿ! ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು, ಬುದ್ಧಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಒಂದು ದಿನ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳಲು ಕುರ್ಚಿಯ ಮೇಲಿಂದ ಕೈ ತೆಗೆದೆ. ಅಷ್ಟೇ. ಕುರ್ಚಿ ಅವಳನ್ನು ಹೊತ್ತುಕೊಂಡು ಓಡಿತು. ಬೀದಿಯ ತಿರುವಿನಲ್ಲಿ ಹಿಟ್ಟಿನ ಗಿರಣಿಯ ಗೋಡೆ ಇರದಿದ್ದರೆ ಎಲ್ಲಿಗೆ ಹೋಗುತ್ತಿದ್ದಳೋ. ಗೋಡೆಗೆ ಬಡಿದು ಎರಡು ಹಲ್ಲು ಬಿದ್ದವು. ಆವತ್ತಿನಿಂದ ಕುರ್ಚಿಯನ್ನು ಬಾವಿ ಹಗ್ಗದಿಂದ ನಡುಮನೆಯ ಕಂಬಕ್ಕೆ ಕಟ್ಟಿದೆ. ಅವಳು ಹೊರಗೆ ಬರಲಿಲ್ಲ. ನಾನು ಬಿಡಲಿಲ್ಲ. ನನಗೆ ಹೆದರಿಕೆ, ಅದರಲ್ಲಿ ಮುಚ್ಚಿಡುವುದೇನಿದೆ.

ಹೀಗಿರುವಾಗ ನಮ್ಮ ಮನೆಯ ಮುಂದೆ ಬುಟ್ಟಿ ಗಾಡಿ ಸತ್ತು ನಿಂತಿತು.

ಬುಟ್ಟಿ ಗಾಡಿ ಎಂದರೆ ಬೀದಿದೀಪದ ಬಲ್ಬು ಹಾಕಲು ಪುರಸಭೆ ಇಟ್ಟುಕೊಂಡಿರುವ ಲಾರಿ. ಅದರ ಬೆನ್ನ ಮೇಲೆ ಒಂದು ಉದ್ದನೆಯ ಕೈ, ಕೈಯ ತುದಿಗೆ ಮನುಷ್ಯ ನಿಲ್ಲುವ ಬುಟ್ಟಿ. ಎಣ್ಣೆಯ ಒತ್ತಡದಿಂದ ಕೈ ಏರುತ್ತದೆ, ಇಳಿಯುತ್ತದೆ. ಊರಿಗೆ ಇರುವುದು ಇದೊಂದೇ, ಯಾಕೆಂದರೆ ವಾಲುವ ನೆಲದ ಮೇಲೆ ಏಣಿ ಹಾಕಲು ಯಾರಿಗೂ ಧೈರ್ಯವಿಲ್ಲ. ಡ್ರೈವರ್ ಮೌಲಾಲಿ ಕೆಳಗಿಳಿದು, ಬಾನೆಟ್ ಎತ್ತಿ ನೋಡಿ, ಮುಚ್ಚಿ, ನಮ್ಮ ಕಟ್ಟೆಯ ಮೇಲೆ ಬಂದು ಕೂತ.

"ಕಾಕಾ, ಗಾಡಿ ಸತ್ತೋತ್ರಿ."

"ಸತ್ತ್ರ ಉಳ್ಳಿಕೊಂಡು ಹೋಗಬೇಕಲ್ಲೋ ಇಳಿಜಾರಿನ್ಯಾಗ. ಇದ್ಯಾಕ ನೆಲಾ ಕಚ್ಚಿ ನಿಂತೈತಿ?"

"ಅದ ನನಗೂ ತಿಳೀವಲ್ದು. ಬ್ರೇಕ್ ನಾ ಹಾಕೇ ಇಲ್ಲ. ತಾನ ಹಾಕ್ಕೊಂಡೈತಿ."

ನನಗೆ ತಿಳಿದಿತ್ತು. ಇಂಥ ಗಾಡಿಯ ಬ್ರೇಕನ್ನು ಹಿಡಿದುಕೊಳ್ಳುವುದು ಸ್ಪ್ರಿಂಗು, ಬಿಡಿಸುವುದು ಎಣ್ಣೆ. ಎಂಜಿನ್ ಓಡುತ್ತಿದ್ದರೆ ಎಣ್ಣೆಗೆ ಒತ್ತಡ ಬರುತ್ತದೆ, ಒತ್ತಡ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳುತ್ತದೆ, ಗಾಲಿ ತಿರುಗುತ್ತದೆ. ಎಂಜಿನ್ ಸತ್ತರೆ ಸ್ಪ್ರಿಂಗು ಗಪ್ಪನೆ ಹಿಡಿದುಕೊಳ್ಳುತ್ತದೆ. ನಾನು ಇದನ್ನು ಮೌಲಾಲಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಸಿದ್ದವ್ವ ಬಂದು ತನ್ನ ಬಟ್ಟೆ ಒಣಹಾಕುವ ತಂತಿಯನ್ನು ಗಾಡಿಯ ಕೊಂಡಿಗೆ ಕಟ್ಟಿಕೊಂಡಳು. ಬಾಯಿ ಮುಚ್ಚಿದೆ.

ಊರಿನವರು ಸುಮ್ಮನಿರಲಿಲ್ಲ. ಹತ್ತಿ ಜಿನ್ನಿಂಗ್ ಮಿಲ್ಲಿನ ಟ್ರ್ಯಾಕ್ಟರ್ ತಂದು ಸರಪಳಿ ಕಟ್ಟಿ ಎಳೆದರು. ಗಾಲಿ ತಿರುಗಲಿಲ್ಲ, ತೆವಳಿದವು. ರಸ್ತೆಯ ಜಲ್ಲಿ ಕಿತ್ತು ಬಂತು, ಟೈರು ಸುಟ್ಟ ವಾಸನೆಗೆ ಸಿದ್ದವ್ವ ಒಣಹಾಕಿದ ಸೀರೆಗಳನ್ನು ಮತ್ತೆ ಒಗೆದಳು, ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಅದರ ಡ್ರೈವರು ಅಲ್ಲಾ ಶಿವಾ ಎರಡೂ ಹೆಸರು ಹೇಳಿದ. ಆಮೇಲೆ ಬಿಟ್ಟುಬಿಟ್ಟರು. ಬಿಟ್ಟ ಮೇಲೆ ಊರಿನವರಿಗೆ ಮೆಲ್ಲಗೆ ಒಂದು ವಿಷಯ ಹೊಳೆಯಿತು. ಬೀದಿಯಲ್ಲಿ ಎತ್ತ ವಾಲಿದರೂ ಅಲುಗಾಡದ ವಸ್ತು ಒಂದು ಬಂದು ನಿಂತಿದೆ. ಒಬ್ಬರು ಆಡು ಕಟ್ಟಿದರು. ಒಬ್ಬಳು ಮಗುವಿನ ಜೋಳಿಗೆ ಕಟ್ಟಿದಳು. ಕುಂಬಾರರವಳು ತನ್ನ ಗಡಿಗೆಗಳನ್ನು ಅದರ ಮಗ್ಗುಲಿಗೆ ಆನಿಸಿಟ್ಟು ಜೀವನದಲ್ಲಿ ಮೊದಲ ಸಲ ಎರಡೂ ಕೈ ಬಿಟ್ಟು ವ್ಯಾಪಾರ ಮಾಡಿದಳು.

ನಾನು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದೆ. ಒಳಗೆ ಹೋಗಿ ಕಂಬದ ಹಗ್ಗ ಬಿಚ್ಚಿದೆ. ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದು ಹೊರಗೆ ತಂದು, ಹಗ್ಗವನ್ನು ಗಾಡಿಯ ಕೊಂಡಿಗೆ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದೆ. ಹೊನ್ನವ್ವ ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಬಿಸಲು ಈಗ ಇಷ್ಟ ಜೋರ ಆಗೈತೇನ್ರಿ?" ಎಂದಳು.

ನಾನು ಕುಡಿಯಲು ನೀರು ತರುತ್ತೇನೆಂದು ಒಳಗೆ ಹೋಗಿ, ನೀರು ತರುವುದನ್ನು ಮರೆತು ಬಂದೆ.

ಅವಳನ್ನು ಕಂಡವರೆಲ್ಲ "ಹೊನ್ನವ್ವಾ, ನೀ ಇದ್ದೀ ಏನ!" ಎಂದು ಕೇಳಿದರು. "ಇದ್ದೀನವ್ವಾ, ಒಳಗಿದ್ದೆ" ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು. ಬೆಳಿಗ್ಗೆ ಊರು ಮೂಡಣಕ್ಕೆ ವಾಲಿದಾಗ ಅವಳ ಕುರ್ಚಿ ಗಾಡಿಯ ಆ ಕಡೆಗೆ ಹಗ್ಗ ಬಿಗಿದು ನಿಲ್ಲುತ್ತಿತ್ತು, ಸಂಜೆ ಈ ಕಡೆಗೆ. ಅವಳು ಬೆಳ್ಳುಳ್ಳಿ ಸುಲಿದಳು, ಬಾಣಂತಿಯರಿಗೆ ಉಪದೇಶ ಮಾಡಿದಳು, ಕುಂಬಾರರವಳ ಜೊತೆ ಜಗಳ ತೆಗೆದಳು, ಗೆದ್ದಳು. ಮನೆಯಲ್ಲಿ ಅನ್ನ ಸೀದು ಹೋದರೂ ಬೈಯುವವರಿಲ್ಲದೆ ನಾನು ಆರಾಮಾಗಿದ್ದೆ. ಈ ಗಾಡಿ ಇಲ್ಲೇ ಇರಲಿ ದೇವರೇ ಎಂದು ಬೇಡಿಕೊಂಡೆ. ದೇವರಿಗೆ ನಾನು ಹೆಚ್ಚು ಕೇಳುವವನಲ್ಲ.

ಆದರೆ ಪುರಸಭೆಯ ಸಾಹೇಬರು ಬಂದರು. ಅವರು ಬೇರೆ ಊರಿನಿಂದ ವರ್ಗವಾಗಿ ಬಂದವರು, ನೆಲ ನೆಟ್ಟಗಿರುವ ಕಡೆಯವರು. ಇನ್ನೂ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದರು. ಗೋಡೆ ಮುಗಿದಲ್ಲಿ ಮೌಲಾಲಿಯ ಹೆಗಲು ಹಿಡಿದುಕೊಂಡರು.

"ಮುರಿಗೆಪ್ಪನವರೇ, ಪಂಪು ವಾಲ್ವು ಎಲ್ಲ ನಿಮಗೆ ಗೊತ್ತು ಅಂತಾರೆ. ಇದನ್ನ ಬಿಡಿಸೋಕೆ ಆಗುತ್ತಾ?"

"ನೋಡಬೇಕ್ರಿ ಸಾಹೇಬ್ರ. ಕೈಪಂಪಿಂದ ಎಣ್ಣಿ ಒತ್ತಿದ್ರ ಬಿಡಬೌದು. ಆದ್ರ ಅದಕ್ಕ ಒಂದು ವಾಶರ್ ಬೇಕು. ಈ ಊರಾಗ ಸಿಗೂದಿಲ್ಲ."

"ಬೇಗ ನೋಡಿ. ಅರ್ಧ ಊರು ಕತ್ತಲಾಗಿದೆ. ಆಗೋದಿಲ್ಲ ಅಂದ್ರೆ ಸೋಮವಾರ ಗ್ಯಾಸ್ ಕಟರ್ ತರಿಸಿ ಇಲ್ಲೇ ತುಂಡು ಮಾಡಿಸಿ ಎತ್ತಿಸ್ತೀನಿ."

ಮೌಲಾಲಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ನಾನು "ಹುಡುಕ್ತೀನ್ರಿ" ಎಂದೆ. ವಾಶರ್ ನನ್ನ ಅಂಗಿಯ ಕಿಸೆಯಲ್ಲಿತ್ತು.

ಮರುದಿನ ಸಮದ ಹೊತ್ತಿನಲ್ಲಿ ನಾನೂ ಹೆಂಡತಿಯೂ ಗಾಡಿಯ ನೆರಳಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆವು. ಹೊನ್ನವ್ವ ಕೇಳಿದಳು.

"ವಾಶರ್ ಬಂತೇನ್ರಿ?"

"ಎಲ್ಲೀದು."

"ನಿಮ್ಮ ಅಂಗಿ ಕಿಸೇದಾಗ ಐತಿ. ನಿನ್ನೆ ಒಗಿಯಾಕ ಹಾಕೂ ಮುಂದ ನೋಡೀನಿ. ಮತ್ತ ಅಲ್ಲೇ ಇಟ್ಟೀನಿ."

ನಾನು ರೊಟ್ಟಿ ತಿಂದೆ. ಬಾಯಲ್ಲಿ ರೊಟ್ಟಿ ಇದ್ದವನಿಗೆ ಉತ್ತರ ಕೊಡುವ ಜವಾಬ್ದಾರಿ ಇಲ್ಲ.

"ಸಿದ್ದವ್ವನ ಸೊಸಿ ರಾತ್ರಿ ಕತ್ತಲಾಗ ಗಟಾರದಾಗ ಬಿದ್ದು ಕೈ ಉಳುಕಿಸಿಕೊಂಡಾಳ" ಎಂದಳು. "ಊರ ಕತ್ತಲಾಗ ನಾ ಬಿಸಲು ಕಾಯಿಸಿಕೋತ ಕುಂತೀನಿ."

"ಗಾಡಿ ಹೋದ್ರ ನಿನ್ನ ಮತ್ತ ಒಳಗ ಕಟ್ಟಬೇಕಲ್ಲ?" ಎಂದೆ. ಸಿಟ್ಟು ಬಂದಿತ್ತು. "ನಿನಗ ಬ್ಯಾಡೇನು ಹೊರಗ ಕುಂದರೂದು?"

"ಈಗೇನ ಬಿಚ್ಚೀರೇನು? ಕಂಬ ಬದಲಾಗೈತಿ, ಅಷ್ಟ. ಹಗ್ಗ ಅದ ಐತಿ." ಬೀದಿಯ ತುದಿಯ ಕಡೆ ಮುಖ ಮಾಡಿದಳು. "ಇಲ್ಲಿಂದ ನನಗ ಗಿರಣಿ ಗ್ವಾಡಿ ತನಕ ಕಾಣಸ್ತೈತಿ. ಅದರಾಚಿ ಪ್ಯಾಟಿ ಐತಿ. ಬಳಿಗಾರ್ತಿ ಅಂಗಡಿ ಇನ್ನ ಐತೋ ಇಲ್ಲೋ ನನಗ ಗೊತ್ತಿಲ್ಲ."

ನಾನು ಇನ್ನೊಂದು ರೊಟ್ಟಿ ಮುರಿದೆ. ಅವಳೇ ಬೇರೆ ದನಿಯಲ್ಲಿ ಕೇಳಿದಳು.

"ಇದರ ಬ್ರೇಕ್ ಹ್ಯಾಂಗ ಕೆಲಸ ಮಾಡ್ತೈತ್ರಿ?"

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಿದವಳಲ್ಲ. ನಾನು ಉಬ್ಬಿದೆ. ರೊಟ್ಟಿಯ ತಟ್ಟೆ, ಲೋಟ, ಒಂದು ಮೆಣಸಿನಕಾಯಿ ಇಟ್ಟುಕೊಂಡು ಸ್ಪ್ರಿಂಗು ಎಲ್ಲಿ, ಎಣ್ಣೆ ಎಲ್ಲಿ, ಕೈಪಂಪು ಎಲ್ಲಿ ಕೂರಿಸಬೇಕು ಎಲ್ಲ ತೋರಿಸಿದೆ. ಸೀಲು ಹಳೆಯದಾಗಿ ಎಣ್ಣೆ ಸೋರುತ್ತಿದೆ, ಅದಕ್ಕೇ ಪಂಪು ಹೊಡೆಯುತ್ತಲೇ ಇರಬೇಕು, ಹೊಡೆಯುತ್ತಿದ್ದಷ್ಟು ಹೊತ್ತು ಗಾಲಿ ತಿರುಗುತ್ತದೆ, ನಿಲ್ಲಿಸಿದ ಕೂಡಲೇ ಸ್ಪ್ರಿಂಗು ಹಿಡಿದುಕೊಳ್ಳುತ್ತದೆ ಎಂದೆ.

"ಅಂದ್ರ ಕೈ ಬಿಟ್ರ ಓಡೂದಿಲ್ಲ."

"ಕೈ ಬಿಟ್ರ ನಿಲ್ಲತೈತಿ."

ಅವಳು ಮೆಣಸಿನಕಾಯಿಯನ್ನು ತೆಗೆದುಕೊಂಡು ಕಚ್ಚಿದಳು, ಅದು ಸ್ಪ್ರಿಂಗಾಗಿತ್ತು. "ಸೋಮವಾರಕ್ಕಿಂತ ಮೊದಲ ಬಿಡಸ್ರಿ" ಎಂದಳು. ಮನೆಯಲ್ಲಿ ಕಡೆಯ ಮಾತು ಯಾವತ್ತೂ ಅವಳದೇ.

ಭಾನುವಾರ ಸಮದ ಹೊತ್ತಿನಲ್ಲಿ ನಾನೂ ಮೌಲಾಲಿಯೂ ಬ್ರೇಕಿನ ಪೈಪು ಬಿಚ್ಚಿ ಕೈಪಂಪು ಜೋಡಿಸಿದೆವು. ಡ್ರೈವರನ ಪಕ್ಕದ ಸೀಟಿನ ಮುಂದೆ ಅದನ್ನು ಬಿಗಿದು, ವಾಶರ್ ಹಾಕಿದೆವು. ವಾಶರ್ ಎಲ್ಲಿಂದ ಬಂತೆಂದು ಮೌಲಾಲಿ ಕೇಳಲಿಲ್ಲ, ಒಳ್ಳೆಯ ಮನುಷ್ಯ. ಎಂಜಿನ್ ಇಲ್ಲದ ಗಾಡಿಯನ್ನು ಎಳೆಯುವ ಗೋಜೇಕೆ, ಸೋಮವಾರ ಬೆಳಿಗ್ಗೆ ಊರು ಮೂಡಣಕ್ಕೆ ವಾಲಿದಾಗ ತಾನಾಗಿ ಇಳಿಯಲಿ, ಪೇಟೆಯ ಆಚೆ ಪುರಸಭೆಯ ಶೆಡ್ಡಿನಲ್ಲಿ ನಿಲ್ಲಿಸೋಣ ಎಂದು ಮಾತಾಯಿತು. ಆಡು ಬಿಚ್ಚಿದರು, ಜೋಳಿಗೆ ಬಿಚ್ಚಿದರು. ಹೊನ್ನವ್ವನ ಕುರ್ಚಿಯನ್ನು ನಾನು ಕಟ್ಟೆಯ ಕಬ್ಬಿಣದ ಬಳೆಗೆ ಕಟ್ಟಿದೆ.

ಬೆಳಿಗ್ಗೆ ಊರು ವಾಲಿತು. ಬೀದಿಯ ಎರಡೂ ಬದಿ ಜನ. ಸಾಹೇಬರು ಶೆಡ್ಡಿನ ಹತ್ತಿರ ಒಂದು ಕಂಬ ಹಿಡಿದು ಕಾಯುತ್ತಿದ್ದರು. ಮೌಲಾಲಿ ಸ್ಟಿಯರಿಂಗಿಗೆ ಕೂತ, ಗಾಣದ ಶಿದ್ರಾಮ ಪಂಪಿಗೆ ಕೂತ. ಶಿದ್ರಾಮನ ತೋಳು ನನ್ನ ತೊಡೆಯಷ್ಟಿದೆ. ಅವನು ಪಂಪು ಹೊಡೆದ. ಒಳಗೆ ಕಟ್ ಎಂಬ ಸದ್ದಾಯಿತು, ಬ್ರೇಕ್ ಬಿಟ್ಟಿತು. ಗಾಡಿ ಮಾತ್ರ ಅಲ್ಲಾಡಲಿಲ್ಲ.

"ಹೊಡಿಯೋ ಶಿದ್ರಾಮ!"

"ಹೊಡದ ಹೊಡ್ಯಾಕತ್ತೀನಿ ಮಾವಾ!"

ನಾನು ಪೈಪು ನೋಡಿದೆ, ವಾಲ್ವು ನೋಡಿದೆ. ಪಂಪ್‌ಹೌಸಿನಲ್ಲಿ ಕಲಿತ ವಿದ್ಯೆಯನ್ನೆಲ್ಲ ಒಂದೊಂದಾಗಿ ಅನುಮಾನಿಸಿದೆ. ಎಲ್ಲ ಸರಿಯಾಗಿತ್ತು. ಕಡೆಗೆ ಸೋತು ನೆಲಕ್ಕೆ ಕೂತೆ. ಕೂತಾಗ ಕಣ್ಣಿಗೆ ಬಿತ್ತು. ಗಾಡಿ ನಿಂತ ದಿನದಿಂದ ಆ ಬೀದಿಯಲ್ಲಿ ಹಾದುಹೋದ ಪ್ರತಿಯೊಬ್ಬರೂ ಧರ್ಮ ಬಿಡದೆ ಅದರ ಗಾಲಿಗೆ ಕಲ್ಲು ಕೊಟ್ಟಿದ್ದರು. ಆರು ಟನ್ ಗಾಡಿ, ಬಿಗಿದ ಬ್ರೇಕು, ಟ್ರ್ಯಾಕ್ಟರಿಗೂ ಜಗ್ಗದ್ದು, ಅದು ಉರುಳಿಹೋದೀತೆಂದು ಕಲ್ಲು! ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅಂತಾರೆ. ಗಾಲಿಗಳ ಅಡಿಗೆ ಒಂದು ಕಟ್ಟೆಯೇ ಎದ್ದಿತ್ತು. ಅದರಲ್ಲಿ ನಮ್ಮ ಹಿತ್ತಿಲಿನ ಕಲ್ಲು ಕೂಡ ಇತ್ತು. ಯಾರು ಇಟ್ಟಿದ್ದೆಂದು ನಾನು ವಿಚಾರಣೆ ಮಾಡಲು ಹೋಗಲಿಲ್ಲ, ನಮ್ಮ ಹಿತ್ತಿಲಿಗೆ ನಾನಲ್ಲದೆ ಬೇರೆ ಯಾರೂ ಹೋಗುವುದಿಲ್ಲ.

"ತಗೀರಿ ಕಲ್ಲು!" ಎಂದು ಕೂಗಿದೆ. ಎಲ್ಲರೂ ನುಗ್ಗಿ ತೆಗೆದರು. ಈ ಕಡೆಯ ಗಾಲಿಯದು ತೆಗೆಯುವಷ್ಟರಲ್ಲಿ ಆ ಕಡೆ ಒಬ್ಬ ಮುದುಕ ನಿಂತ ಗಾಲಿ ಕಂಡು ಎರಡು ಕಲ್ಲು ಕೊಟ್ಟಿದ್ದ. ಅವನದನ್ನು ತೆಗೆಯುವಷ್ಟರಲ್ಲಿ ಸಿದ್ದವ್ವ ಈ ಕಡೆ ಕೊಟ್ಟಳು. "ಯವ್ವಾ, ನೀನ ಈಗ ತಗದದ್ದಲ್ಲ?" ಎಂದರೆ ತನ್ನ ಕೈಯನ್ನು ತಾನೇ ಬೇರೆಯವರದೆಂಬಂತೆ ನೋಡಿಕೊಂಡಳು. ಕಡೆಗೆ ನನಗೆ ರೇಗಿತು. "ಎಲ್ಲಾರೂ ಕೈ ಹಿಂದ ಕಟ್ಟಿಕೊಳ್ರಿ! ಸಾಲಿ ಹುಡುಗರಂಗ!" ಎಂದು ಗದರಿಸಿದೆ. ಇಡೀ ಬೀದಿ ಕೈ ಹಿಂದೆ ಕಟ್ಟಿಕೊಂಡು ನಿಂತಿತು. ಆಗ ಗಾಡಿ ಅಲ್ಲಾಡಿತು.

ಅಲ್ಲಾಡಿದ ಕ್ಷಣ ಶಿದ್ರಾಮ ಪಂಪು ಬಿಟ್ಟು ಹೊರಗೆ ಜಿಗಿದ. ಬ್ರೇಕ್ ಹಿಡಿಯಿತು, ಗಾಡಿ ಗಕ್ಕನೆ ನಿಂತಿತು, ನಿಂತದ್ದು ಕಂಡು ಮೂರು ಜನ ಕೈ ಬಿಚ್ಚಿ ಕಲ್ಲು ಕೊಟ್ಟರು.

"ಯಾಕೋ ಜಿಗದಿ?"

"ಗೊತ್ತಿಲ್ಲ ಮಾವಾ. ಗಾಲಿ ಉರುಳ್ತು, ಜಿಗದೆ."

ಅವನ ತಪ್ಪಲ್ಲ. ಕೂತದ್ದು ಉರುಳತೊಡಗಿದರೆ ಜಿಗಿಯಬೇಕು, ಜಿಗಿದು ಕಲ್ಲು ಹುಡುಕಬೇಕು, ಇದು ನಮ್ಮ ರಕ್ತದಲ್ಲಿದೆ. ಇನ್ನೊಬ್ಬನನ್ನು ಕೂರಿಸಿದೆವು, ಅವನೂ ಜಿಗಿದ. ಮತ್ತೊಬ್ಬ ಜಿಗಿಯುವುದಿಲ್ಲವೆಂದು ತಾಯಿಯ ಮೇಲೆ ಆಣೆ ಇಟ್ಟು ಕೂತ, ಜಿಗಿದು ತಾಯಿಯ ಕ್ಷಮೆ ಕೇಳಿದ. ನಾನೇ ಹತ್ತಿ ಕೂತೆ. ಗಾಲಿ ಒಂದು ಮೊಳ ಉರುಳಿದ್ದು ನೆನಪಿದೆ, ಆಮೇಲೆ ನಾನು ರಸ್ತೆಯಲ್ಲಿದ್ದೆ, ಕೈಯಲ್ಲಿ ಕಲ್ಲು ಇತ್ತು. ಮೌಲಾಲಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟುಕೊಂಡ. ಓಡುವ ಗಾಡಿಯಲ್ಲಿ ಕೂತು ರೂಢಿಯಾದ ಅವನೊಬ್ಬನೇ ಕೂತಿರಬಲ್ಲವನು, ಆದರೆ ಅವನ ಎರಡು ಕೈ ಸ್ಟಿಯರಿಂಗಿಗೆ ಬೇಕು.

ಆಗ ಕಟ್ಟೆಯಿಂದ ಹೊನ್ನವ್ವನ ದನಿ ಬಂತು.

"ನನ್ನ ಕುಂದರಸ್ರಿ. ನನಗ ಜಿಗಿಯಾಕ ಬರಂಗಿಲ್ಲ."

ಇಡೀ ಬೀದಿ ಕಟ್ಟೆಯ ಕಡೆ ತಿರುಗಿತು. ಅವಳು ಹೇಳಿದ್ದು ನಿಜವೇ ಆಗಿತ್ತು. ಉರುಳುವ ವಸ್ತುವಿನಿಂದ ಜಿಗಿಯಲಾಗದ ಮನುಷ್ಯರು ನಮ್ಮೂರಿನಲ್ಲಿ ಅವಳೊಬ್ಬಳೇ.

"ಬ್ಯಾಡ" ಎಂದೆ.

"ಯಾಕ?"

"ನನಗ ಹೆದರಿಕಿ ಆಕ್ಕೈತಿ."

"ನಿಮಗ ಹೆದರಿಕಿ ಆಗೂದಕ್ಕ ಇಷ್ಟು ವರ್ಷ ನಾ ಒಳಗ ಕುಂತೀನಿ" ಎಂದಳು. ಜೋರಾಗಿ ಹೇಳಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಇವತ್ತ ಒಂದಿನ ನೀವು ಹೆದರಿಕೊಂಡ ನಡೀರಿ, ನಾ ಕುಂತ ಬರ್ತೀನಿ."

ನಾನೂ ಶಿದ್ರಾಮನೂ ಅವಳನ್ನು ಎತ್ತಿ ಒಳಗೆ ಕೂರಿಸಿದೆವು. ಜೋಳ ಬೀಸಿ ಗಟ್ಟಿಯಾದ ತೋಳು ಅವಳದು, ಕುರ್ಚಿಯಲ್ಲಿ ಕೂತ ಮೇಲೂ ಬೀಸುವುದನ್ನು ಬಿಟ್ಟಿರಲಿಲ್ಲ. ಅವಳು ಪಂಪಿನ ಹಿಡಿಕೆ ಹಿಡಿದು ಹೊಡೆದಳು. ಕಟ್ ಎಂದಿತು. ಗಾಲಿ ಉರುಳಿತು. ಅವಳ ಮುಖ ಬೆಳ್ಳಗಾದದ್ದು ನನಗೆ ಕಂಡಿತು. ಕೈ ಮಾತ್ರ ನಿಲ್ಲಲಿಲ್ಲ.

ಗಾಡಿ ಮನುಷ್ಯನ ನಡಿಗೆಯ ವೇಗದಲ್ಲಿ ಇಳಿಯಿತು. ಊರು ಕೈ ಹಿಂದೆ ಕಟ್ಟಿಕೊಂಡು ಹಿಂದೆ ನಡೆಯಿತು. ನಾನೊಬ್ಬ ಮಾತ್ರ ಗಾಡಿಯ ಕೊಂಡಿಗೆ ಬಾವಿ ಹಗ್ಗ ಕಟ್ಟಿ ಅದರ ತುದಿ ಹಿಡಿದು ಹಿಂದಕ್ಕೆ ಜಗ್ಗುತ್ತಾ ಬಂದೆ. ಆರು ಟನ್ನನ್ನು ನಾನು ತಡೆಯಬಲ್ಲೆನೆಂದು ಯಾರೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ, ಆದರೆ ಯಾರೂ ನಗಲಿಲ್ಲ.

ತಿರುವು ಬಂತು. ಗಿರಣಿಯ ಗೋಡೆ ಎದುರಿಗೆ ಬಂತು. ಇಳಿಜಾರು ಅಲ್ಲಿ ಎಲ್ಲಕ್ಕಿಂತ ಕಡಿದು. ನಾನು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡೆ. ಗೋಡೆಗೆ ನಾಲ್ಕು ಮಾರು ಇರುವಾಗ ಹೊನ್ನವ್ವ ಪಂಪಿನಿಂದ ಎರಡೂ ಕೈ ಎತ್ತಿದಳು.

ಗಾಡಿ ನಿಂತಿತು. ಆ ಇಳಿಜಾರಿನಲ್ಲಿ, ಯಾರೂ ಹಿಡಿಯದೆ, ನಿಂತಿತು. ಹಿಂದೆ ಎಲ್ಲರ ಕೈ ಸಡಿಲವಾದವು.

"ಯಾರೂ ಕಲ್ಲು ಕೊಡಬ್ಯಾಡ್ರಿ!" ಎಂದು ಅವಳು ಕೂಗಿದಳು. ಕಿಟಕಿಯಿಂದ ಮುಖ ಹೊರಗೆ ಹಾಕಿ ಗೋಡೆಯನ್ನು ನೋಡಿದಳು. ತನ್ನ ಎರಡು ಹಲ್ಲು ಕಳೆದ ಜಾಗವನ್ನು ಬೇಕಾದಷ್ಟು ಹೊತ್ತು ನೋಡಿದಳು. ಆಮೇಲೆ "ಮೌಲಾಲಿ, ಹೊಳ್ಳಸಪ್ಪಾ" ಎಂದು ತಿರುವಿನ ಕಡೆ ಕೈ ತೋರಿಸಿ ಮತ್ತೆ ಪಂಪು ಹಿಡಿದಳು. ನನಗೆ ಅಳು ಬಂತು. ಹಗ್ಗ ಹಿಡಿದ ಕೈಯಿಂದಲೇ ಒರೆಸಿಕೊಂಡೆ.

ಪೇಟೆಯಲ್ಲಿ ಅವಳು ಬಳೆಗಾರ್ತಿಯ ಅಂಗಡಿಯ ಮುಂದೆ ನಿಲ್ಲಿಸಿದಳು. ಮಿಠಾಯಿ ಅಂಗಡಿಯ ಮುಂದೆ ನಿಲ್ಲಿಸಿದಳು. ಏನೂ ಇಲ್ಲದ ಒಂದು ಖಾಲಿ ಜಾಗದ ಮುಂದೆಯೂ ನಿಲ್ಲಿಸಿದಳು. "ಇಲ್ಲ್ಯಾಕ ಅಕ್ಕಾರ?" ಎಂದು ಮೌಲಾಲಿ ಕೇಳಿದರೆ "ಸುಮ್ಮ. ನಿಲ್ಲತೈತೋ ಇಲ್ಲೋ ನೋಡಿದೆ" ಎಂದಳು. ಶೆಡ್ಡಿನಲ್ಲಿ ಕಂಬ ಹಿಡಿದು ಕಾಯುತ್ತಿದ್ದ ಸಾಹೇಬರು ಗಾಡಿಯನ್ನೂ ಅವಳನ್ನೂ ನೋಡಿ, ಏನು ಹೇಳಬೇಕೋ ತಿಳಿಯದೆ, ನಮಸ್ಕಾರ ಮಾಡಿದರು. ಅದಕ್ಕಾಗಿ ಎರಡೂ ಕೈ ಬಿಡಬೇಕಾಯಿತು, ಮೌಲಾಲಿ ಓಡಿಹೋಗಿ ಅವರನ್ನು ಹಿಡಿದುಕೊಂಡ.

ಕುರ್ಚಿಯನ್ನು ಶಿದ್ರಾಮ ಪೇಟೆಗೆ ತಂದುಕೊಟ್ಟಿದ್ದ. ಸಂಜೆ ಅವಳನ್ನು ಅದರಲ್ಲಿ ಮನೆಗೆ ತರುವಾಗ, ನಾನು ಹಗ್ಗ ಹಿಡಿದು ಹಿಂದಕ್ಕೆ ಜಗ್ಗುತ್ತಾ ಬರುತ್ತಿರುವಾಗ, ಅವಳು ಹಿಂತಿರುಗಿ ನೋಡದೆ ಹೇಳಿದಳು. "ನನ್ನ ಕುರ್ಚಿಗೂ ಹಂಗ ಮಾಡ್ರಿ. ಹಿಡದ್ರ ಓಡಬೇಕು, ಬಿಟ್ರ ನಿಲ್ಲಬೇಕು. ನಾ ಆವತ್ತು ರೊಟ್ಟಿ ತಿನ್ನೂ ಮುಂದನ ಕೇಳಿದ್ದು ಅದಕ್ಕ. ನಿಮಗ ಹೊಳೀಲಿಲ್ಲ."

ಹೊಳೆದಿರಲಿಲ್ಲ, ನಿಜ. ನಾನು ತಟ್ಟೆ ಲೋಟದಲ್ಲಿ ಮುಳುಗಿದ್ದೆ. ಹಳೆಯ ಸ್ಕೂಟರಿನ ಗಟ್ಟಿ ಸ್ಪ್ರಿಂಗು ಎರಡು, ಜಾಲಿ ಮರದ ಎರಡು ತುಂಡು, ಒಂದು ಸೈಕಲ್ಲಿನ ತಂತಿ ಹಾಕಿ ಮಾಡಿದೆ. ಸ್ಪ್ರಿಂಗು ಮರದ ತುಂಡನ್ನು ಗಾಲಿಗೆ ಒತ್ತಿ ಹಿಡಿದಿರುತ್ತದೆ. ಕೈಹಿಡಿಕೆ ಜಗ್ಗಿದರೆ ಮಾತ್ರ ಬಿಡುತ್ತದೆ. ಪರೀಕ್ಷೆ ಮಾಡುವಾಗ ನಾನು ಹಗ್ಗ ಕಟ್ಟಿಯೇ ಮಾಡಿದೆ, ಅವಳು ಆ ಹಲ್ಲಿಲ್ಲದ ಸಂದಿಯಲ್ಲಿ ನಕ್ಕಳು.

ಹೊಸ ಬ್ರೇಕು ಹಾಕಿದ ಮೇಲೆ ಒಂದು ಬೆಳಿಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು, ಮಡಿಲಲ್ಲಿ ಚೀಲ ಇಟ್ಟುಕೊಂಡು, "ಹಿಂದ ಬರಬ್ಯಾಡ್ರಿ" ಎಂದು ಹೇಳಿ ಹೊರಟಳು. ಹಿಡಿಕೆ ಜಗ್ಗಿದಳು, ಕುರ್ಚಿ ಇಳಿಯಿತು. ತಿರುವಿನಲ್ಲಿ ಬಿಟ್ಟಳು, ನಿಂತಿತು. ಕೈ ಬೀಸಿ, ತಿರುಗಿ, ಕಾಣದಾದಳು. ನಾನು ಹಗ್ಗದ ಸುರುಳಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತೆ. ಸಮದ ಹೊತ್ತು ಬಂತು, ಹೋಯಿತು. ಊರು ಪಡುವಣಕ್ಕೆ ವಾಲಿತು. ಪೇಟೆಗೆ ಹೋದವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದರು, ಅವಳು ಬರಲಿಲ್ಲ. ಬುಟ್ಟಿ ಗಾಡಿ ರಿಪೇರಿಯಾದ ಮೇಲೆ ಹೊಸ ಬಲ್ಬು ಕಂಡ ಬೀದಿದೀಪಗಳು ಹತ್ತಿಕೊಂಡವು. ಇನ್ನು ಸ್ವಲ್ಪ ಹೊತ್ತಿಗೆ ಊರು ಸಮವಾಗಿಬಿಡುತ್ತದೆ, ಆಮೇಲೆ ಕುರ್ಚಿ ತಾನಾಗಿ ಉರುಳುವುದಿಲ್ಲ. ಸ್ಪ್ರಿಂಗು ಹಳೆಯದು. ಮರದ ತುಂಡು ಸವೆದಿದ್ದರೆ? ತಂತಿ ಸಿಕ್ಕಿಕೊಂಡಿದ್ದರೆ? ನಾನೇ ಕೈಯಾರೆ ಮಾಡಿದ್ದು.

ಎದ್ದು ಏರು ಹತ್ತಿದೆ. ನನ್ನನ್ನು ಕಂಡವರೆಲ್ಲ ನಿಂತರು. "ಮುರಿಗೆಪ್ಪ ಮಾವಾರ, ಯಾರಿಗೆ ಏನಾತ್ರಿ?" "ಯಾರಿಗೂ ಏನೂ ಆಗಿಲ್ಲ" ಎಂದು ಹೇಳುತ್ತಾ, ಅದು ಸುಳ್ಳಾಗದಿರಲಿ ಎಂದುಕೊಳ್ಳುತ್ತಾ ಹತ್ತಿದೆ. ಗಿರಣಿಯ ಗೋಡೆಯ ಹತ್ತಿರ ಬರುವಷ್ಟರಲ್ಲಿ ಉಸಿರು ಕಟ್ಟಿತ್ತು.

ಅವಳು ತಿರುವಿನಿಂದ ಇಳಿದು ಬಂದಳು. ಕೈಗೆ ಹಸಿರು ಬಳೆ. ಮಡಿಲ ತುಂಬ ಕಲ್ಲು.

"ಏನಿದು?" ಎಂದೆ.

"ಏನು ಅಂತ ಕೇಳ್ತೀರಿ! ಎಲ್ಲಿ ನಿಂತ್ರ ಅಲ್ಲಿ ಯಾರರ ಬಂದು ಗಾಲಿಗೆ ಕಲ್ಲು ಕೊಟ್ಟ ಹೊಕ್ಕಾರ. ನನಗ ಬಗ್ಗಿ ತಗಿಯಾಕ ಬರಂಗಿಲ್ಲ. ಒಬ್ಬರನ್ನ ಕರದು ತಗಿಸೂದು, ಅವರು ತಗದು ನನ್ನ ಕೈಯಾಗ ಕೊಡೂದು, ಅಷ್ಟರಾಗ ಇನ್ನೊಬ್ಬಾಕಿ ಬಂದು ಇಡೂದು! ಪ್ಯಾಟಿಗೆ ಹೋಗಿದ್ನೋ, ಕಲ್ಲು ಆರಿಸಾಕ ಹೋಗಿದ್ನೋ. ಬಿಟ್ರ ನಿಲ್ಲತೈತ್ರೆವ್ವಾ, ನಿಲ್ಲತೈತಿ ಅಂತ ಹೇಳಿ ಹೇಳಿ ಗಂಟಲಾ ಒಣಗೇತಿ."

ಬೈಯುತ್ತಾ ಹಿಡಿಕೆ ಬಿಟ್ಟಳು. ಕುರ್ಚಿ ನನ್ನ ಮುಂದೆ ನಿಂತಿತು. ಅವಳು ನೆಟ್ಟಗೆ ಬಂದಳಲ್ಲ ಎಂಬ ಸಂತೋಷಕ್ಕೆ ನನಗೆ ಬೇರೇನೂ ಕಾಣಲಿಲ್ಲ.

"ತಗೀರಿ" ಎಂದಳು.

"ಏನು?"

"ಕೆಳಗ ನೋಡ್ರಿ."

ನೋಡಿದೆ. ನನ್ನ ಕೈ ಗಾಲಿಯ ಅಡಿಗೆ ಇತ್ತು, ಕೈಯ ಕೆಳಗೆ ಕಲ್ಲು ಇತ್ತು. ಯಾವಾಗ ಬಗ್ಗಿದೆನೋ, ಎಲ್ಲಿಂದ ತೆಗೆದುಕೊಂಡೆನೋ, ಗೊತ್ತಿಲ್ಲ. ತೆಗೆದೆ. ಊರು ಇನ್ನೂ ಪಡುವಣಕ್ಕೆ ವಾಲಿಯೇ ಇತ್ತು. ಕುರ್ಚಿ ನಿಂತೇ ಇತ್ತು. ಕಲ್ಲನ್ನು ಎಲ್ಲಿಡಬೇಕೋ ತಿಳಿಯದೆ ಅವಳ ಮಡಿಲಿಗೇ ಹಾಕಿದೆ.

"ನಡೀರಿ, ಮನಿಗೆ ಹೋಗೂಣು" ಎಂದು ಹಿಡಿಕೆ ಜಗ್ಗಿದಳು. ಕುರ್ಚಿ ಹೊರಟಿತು. ನಾನು ಅದರ ಬೆನ್ನು ಹಿಡಿಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು, ಅವಳ ಪಕ್ಕದಲ್ಲಿ ಇಳಿದೆ.